‘ಬೋರು 2’ ಮಾತಾಡ್ತಾ ಐತೆ

ಹೊಸ ಫೋನ್ ಕೊಂಡವರು ಮೊದಲು ಮಾಡುವ ಕೆಲಸ ಅದನ್ನು ತಮ್ಮದಾಗಿಸಿಕೊಳ್ಳುವುದು. ಬೆನ್ನಿಗೆ ಮಗಳ ಫೋಟೊ ಅಚ್ಚುಹಾಕಿಸಿದ ಕವರ್, ಪರದೆಗೆ ಮನೆದೇವರು, ರಿಂಗ್‌ಟೋನಿಗೆ ಮೆಚ್ಚಿನ ನಟನ ಡೈಲಾಗು. ಹಾಸನದ ಬಸ್ ಸ್ಟ್ಯಾಂಡಿನಿಂದ ಅರಕಲಗೂಡಿನ ಸಂತೆಬೀದಿಯವರೆಗೆ ಈ ವ್ಯಾಪಾರಕ್ಕೆ ಬರ ಬಂದದ್ದಿಲ್ಲ. ಆದರೆ ಈ ಜಿಲ್ಲೆಯಲ್ಲಿ ಫೋನನ್ನು ನಿಜಕ್ಕೂ ಪಳಗಿಸಿದವರು ರೈತರು. ಅದೂ ಪರದೆಯಿಲ್ಲದ, ಕವರಿಲ್ಲದ ಒಂದು ಫೋನನ್ನು. ಪಂಪ್‌ಹೌಸಿನ ಗೋಡೆಗೆ ಜೋತುಬಿದ್ದು, ಹೊಟ್ಟೆಯಲ್ಲೊಂದು ಸಿಮ್ ಇಟ್ಟುಕೊಂಡು, ಕರೆ ಬಂದರೆ ಮೋಟಾರ್ ಓಡಿಸುವ ಆ ಡಬ್ಬಿಗೆ ಮೊಬೈಲ್ ಸ್ಟಾರ್ಟರ್ ಎನ್ನುತ್ತಾರೆ. ಫೋನಿನಿಂದ ಏನೇನೆಲ್ಲ ಮಾಡಬಹುದು ಎಂದು ಊರಿಗೆಲ್ಲ ಬುದ್ಧಿ ಹೇಳುವವರು ಈ ಡಬ್ಬಿಯ ಅಭಿಪ್ರಾಯ ಕೇಳಿದ್ದನ್ನು ನಾನು ಕಂಡಿಲ್ಲ. ಚನ್ನರಾಯಪಟ್ಟಣದಿಂದ ಹೊಳೆನರಸೀಪುರಕ್ಕೆ ಹೋಗುವ ದಾರಿಯ ಒಂದು ತೆಂಗಿನ ತೋಟದಲ್ಲಿ, ತ್ರೀ ಫೇಸ್ ಇಲ್ಲದ ಹೊತ್ತು ನೋಡಿಕೊಂಡು, ನಡೆಸಿದ ಮಾತುಕತೆ ಇದು.

ಪ್ರಶ್ನೆ: ನಮಸ್ಕಾರ. ತಮ್ಮ ಹೆಸರು?

ಸ್ಟಾರ್ಟರ್: ಡಬ್ಬಿ ಮೇಲೆ ಕಂಪನಿ ಹೆಸರಿನ ಚೀಟಿ ಇತ್ತು, ಇಲಿ ತಿಂದ್ಕಂಡೋಯ್ತು. ಯಜಮಾನ್ರ ಫೋನಲ್ಲಿ ನನ್ನ ಹೆಸರು ‘ಬೋರು 2’. ‘ಬೋರು 1’ ಬತ್ತಿಹೋಗಿ ಎಷ್ಟೋ ಕಾಲ ಆಯ್ತು. ಅದರ ನಂಬರನ್ನ ಮಾತ್ರ ಅಳಿಸಿಲ್ಲ, ತೀರ್ಕಂಡ ನೆಂಟರ ನಂಬರ್ ಮಡಗಿರ್ತಾರಲ್ಲ, ಹಂಗೆ. ದೊಡ್ಡ ಮಗನ ಫೋನಲ್ಲಿ ನಾನು ‘ಊರು ಮೋಟ್ರು’. ಚಿಕ್ಕವನು ಮಾತ್ರ ಪ್ರೀತಿಯಿಂದ ‘ಗಂಗಾ’ ಅಂತ ಹಾಕ್ಕಂಡಿದ್ದ. ಮದುವೆ ಆದ ಹೊಸದ್ರಲ್ಲಿ ರಾತ್ರಿ ಎರಡು ಗಂಟೆಗೆ ನಾನು ಫೋನ್ ಮಾಡ್ದೆ. ತ್ರೀ ಫೇಸ್ ಬಂದಿತ್ತು, ತಿಳಿಸೋದು ನನ್ನ ಕೆಲ್ಸ. ಹೊಸ ಹುಡುಗಿ ಕಣ್ಣಿಗೆ ಬಿದ್ದಿದ್ದು ‘ಗಂಗಾ’ ಅನ್ನೋ ಹೆಸರು ಒಂದೇ. ಆ ರಾತ್ರಿ ತೋಟಕ್ಕೆ ನೀರು ಬಿಡ್ಲಿಲ್ಲ ಬುಡಿ. ಬೆಳಿಗ್ಗೆ ಎದ್ದು ‘ಗಂಗಾ ಮೋಟ್ರು 7.5 ಎಚ್‌ಪಿ’ ಅಂತ ತಿದ್ಕಂಡ.

ಪ್ರಶ್ನೆ: ತಮ್ಮ ಮೂಲ ಎಲ್ಲಿಯದು?

ಸ್ಟಾರ್ಟರ್: ಪುಣೆ ಕಡೆ ಅಂತ ಹೇಳ್ಕಬಹುದು. ಅಲ್ಲಿ ಸಂತೋಷ್ ಓಸ್ತವಾಲ್ ಅಂತ ಒಬ್ರು ಇಂಜಿನಿಯರ್. ಅವರ ತಾತ ಕತ್ತಲಲ್ಲಿ ಪಂಪ್ ಹಾಕಕ್ಕೆ ಹೊಲಕ್ಕೆ ಅಲೀತಿದ್ದುದನ್ನ ಕಂಡು ಮರುಕ ಬಂದು ಕಟ್ಟಿದ ಸಾಧನ ‘ನ್ಯಾನೊ ಗಣೇಶ್’. 2009ರಲ್ಲಿ ನೋಕಿಯಾ ಕಂಪನಿ ನಡೆಸಿದ ಸ್ಪರ್ಧೇಲಿ ಅದಕ್ಕೆ ಬಹುಮಾನ ಬಂತು. ಅದೇ ನಮ್ಮ ಕುಲದ ಹಿರೀಕ. ಆಮೇಲೆ ಯಾವ್ಯಾವ ಊರಿನ ಬಿಡಿಭಾಗ ಸೇರಿ ನಾನು ಆದ್ನೋ ನಂಗೇ ತಿಳೀದು. ಬಹುಮಾನ ಕೊಟ್ಟ ಫೋನ್ ಕಂಪನಿ ಅಂಗಡಿಯಿಂದಲೇ ಮಾಯ ಆದಂಗಾಯ್ತು, ನಾವು ಮಾತ್ರ ಗೋಡೆ ಮೇಲೆ ಗಟ್ಟಿಯಾಗಿ ಕೂತಿದೀವಿ.

ಪ್ರಶ್ನೆ: ಕೆಲಸ ಹೇಗೆ ಮಾಡುತ್ತೀರಿ?

ಸ್ಟಾರ್ಟರ್: ಯಜಮಾನ್ರು ಫೋನ್ ಮಾಡ್ತಾರೆ, ನಾನೇ ಎತ್ತುತೀನಿ. ಇಡೀ ತಾಲೂಕಲ್ಲಿ ಮೊದಲನೇ ರಿಂಗಿಗೇ ಫೋನ್ ಎತ್ತೋನು ನಾನೊಬ್ನೇ ಇರ್ಬೇಕು. ‘ಮೋಟಾರ್ ಚಾಲನೆ ಮಾಡಲು ಒಂದು ಒತ್ತಿರಿ’ ಅಂತ ನನ್ನೊಳಗಿನ ಹೆಣ್ಮಗಳು ಹೇಳ್ತಾಳೆ. ಒಂದು ಒತ್ತಿದ್ರೆ ಎರಡು ಸ್ವರ ಒಟ್ಟಿಗೆ ಹೊರಡ್ತವೆ, ಒಂದು 697 ಹರ್ಟ್ಸ್, ಇನ್ನೊಂದು 1209. ಅದನ್ನ ಗುರುತು ಹಿಡಿದು ರಿಲೇಗೆ ಹೇಳ್ತೀನಿ, ರಿಲೇ ಕಾಂಟ್ಯಾಕ್ಟರಿಗೆ ಹೇಳ್ತದೆ, ಟಪ್ ಅಂತ ಶಬ್ದ, ಮೋಟ್ರು ಓಡ್ತದೆ. ಅರಕಲಗೂಡು ತಾಲೂಕಿನ ರುದ್ರಪಟ್ಟಣದಲ್ಲಿ ನನ್ನ ಬಂಧು ಒಬ್ನವ್ನೆ. ಸಂಗೀತ ವಿದ್ವಾನ್ ಆರ್. ಕೆ. ಶ್ರೀಕಂಠನ್ ಹುಟ್ಟಿದೂರು, ಮನೆಮನೇಲೂ ಸಂಗೀತ. ಅವನಿಗೆ ಆ ಗಾಳಿ ತಾಗೈತೆ, ‘ನಿಮ್ಮ 1209 ಸ್ವಲ್ಪ ಶ್ರುತಿ ತಪ್ಪಿದೆ’ ಅಂತ ಯಜಮಾನ್ರಿಗೇ ಎರಡೆರಡು ಸಲ ಒತ್ತಿಸ್ತಾನೆ.

ಪ್ರಶ್ನೆ: ಹಾಸನದಲ್ಲಿ ಇಸ್ರೋದವರ ಉಪಗ್ರಹ ನಿಯಂತ್ರಣ ಕೇಂದ್ರವೇ ಇದೆ. ಅವರ ಮುಂದೆ ನಿಮ್ಮದು ಸಣ್ಣ ಕೆಲಸವಲ್ಲವೇ?

ಸ್ಟಾರ್ಟರ್: ಏನ್ ಸಣ್ಣದು? ಅವರು ಇಲ್ಲಿ ಕೂತು 36,000 ಕಿಲೋಮೀಟರ್ ಮೇಲಿರೋದಕ್ಕೆ ಅಪ್ಪಣೆ ಕೊಡ್ತಾರೆ. ನಮ್ಮ ಯಜಮಾನ್ರು ಹೋಟ್ಲಲ್ಲಿ ಕೂತು ಎರಡು ಕಿಲೋಮೀಟರ್ ಆಚೆ ಇರೋದಕ್ಕೆ ಅಪ್ಪಣೆ ಕೊಡ್ತಾರೆ. ವಿದ್ಯೆ ಒಂದೇ ಕಣ್ ಸ್ವಾಮಿ, ದೂರ ಬೇರೆ. ಆ ಕೇಂದ್ರ ಶುರುವಾಗಿದ್ದು 1982ರಲ್ಲಿ. ಅದೇ ವರ್ಷ ಏಪ್ರಿಲಲ್ಲಿ ಹಾರಿಸಿದ ಇನ್ಸಾಟ್-1ಎ ವರ್ಷ ತುಂಬೋ ಮೊದಲೇ ಕೈಕೊಡ್ತು. ದೇಶ ಏನಾದ್ರೂ ಅಂತಾ? ಮಾರನೇ ವರ್ಷ ಇನ್ನೊಂದು ಹಾರಿಸಿದ್ರು. ನಾನು ಮಳೆಗಾಲದಲ್ಲಿ ಒಂದಿನ ಸಿಗ್ನಲ್ ಕಳ್ಕಂಡ್ರೆ ಮಾತ್ರ ಡಬ್ಬಿಗೆ ಗುದ್ದು.

ಪ್ರಶ್ನೆ: ಯಾರು ಬೇಕಾದರೂ ಕರೆ ಮಾಡಿ ಮೋಟಾರ್ ಹಾಕಬಹುದೇ?

ಸ್ಟಾರ್ಟರ್: ಇಲ್ಲ. ನಂಬರ್ ರಿಜಿಸ್ಟರ್ ಮಾಡ್ಬೇಕು. ಆ ಪಟ್ಟಿ ಐತಲ್ಲ, ಅದನ್ನ ನೋಡಿದ್ರೆ ಮನೆ ಗೊತ್ತಾಗ್ತದೆ. ಪಹಣಿ ನೋಡೋ ಅಗತ್ಯ ಇಲ್ಲ. ಮೊದಲನೇದು ಯಜಮಾನ್ರದ್ದು. ಎರಡನೇದು ಬೆಂಗ್ಳೂರಲ್ಲಿರೋ ದೊಡ್ಡ ಮಗಂದು. ಮೂರನೇದು ಚಿಕ್ಕವಂದು. ನಾಲ್ಕನೇದು ಅಳಿಯಂದು ಇತ್ತು. ಹಬ್ಬಕ್ಕೆ ಬಂದಾಗ ಪಾಲಿನ ಮಾತು ಬಂತು ನೋಡಿ, ಮಾರನೇ ಬೆಳಿಗ್ಗೆ ಡಿಲೀಟ್ ಆಯ್ತು. ಕೋರ್ಟು ಕಚೇರಿಗೆ ಹೋಗೋದು ಆಮೇಲಿನ ಮಾತು, ಈ ಊರಲ್ಲಿ ಮನೆ ಒಡೆಯೋದು ಮೊದಲು ನನ್ನ ಮೆಮೊರೀಲಿ.

ಪ್ರಶ್ನೆ: ಮನೆಯ ಯಜಮಾನತಿಯ ನಂಬರ್?

ಸ್ಟಾರ್ಟರ್: ಇಲ್ಲ.

ಪ್ರಶ್ನೆ: ಯಾಕೆ?

ಸ್ಟಾರ್ಟರ್: ‘ಅವಳು ತೋಟದಲ್ಲೇ ಇರ್ತಾಳಲ್ಲ, ಅವಳಿಗ್ಯಾಕೆ ಫೋನು’ ಅಂದ್ರು ಯಜಮಾನ್ರು. ಮಾತು ಸರಿ, ಅವರೇ ಇಲ್ಲಿರೋದು. ಬೆಂಗ್ಳೂರಿನ ಮಗ ಆಫೀಸಲ್ಲಿ ಸ್ನೇಹಿತರನ್ನ ಸುತ್ತ ನಿಲ್ಲಿಸ್ಕಂಡು, ‘ನೋಡ್ರೋ, ಇಲ್ಲಿಂದ ನಮ್ಮೂರ ಮೋಟ್ರು ಹಾಕ್ತೀನಿ’ ಅಂತ ಒಂದು ಒತ್ತುತಾನೆ. ಅಲ್ಲಿ ಚಪ್ಪಾಳೆ. ಇಲ್ಲಿ ಅಮ್ಮಾವ್ರು ಅರ್ಧ ಹಾಲು ಕರೆದ ಚೊಂಬನ್ನ ಅಲ್ಲೇ ಮಡಗಿ ಓಡ್ಬೇಕು. ಯಾಕಂದ್ರೆ ನಾನು ಮೋಟ್ರು ಹಾಕ್ತೀನಿ ಹೊರತು ಗೇಟ್ ವಾಲು ತಿರುಗಿಸಲ್ಲ. ಬಾಳೆಗೆ ಹೋಗ್ತಿದ್ದ ನೀರನ್ನ ತೆಂಗಿಗೆ ತಿರುಗಿಸೋದು, ಕಿತ್ತೋದ ಡ್ರಿಪ್ ಪೈಪನ್ನ ರಬ್ಬರ್ ಸುತ್ತಿ ಕಟ್ಟೋದು, ಹೆಗ್ಗಣ ತೋಡಿದ ಬದುವಿಗೆ ಮಣ್ಣು ಒತ್ತೋದು, ಇದ್ಯಾವುದಕ್ಕೂ ಸಿಮ್ ಇಲ್ಲ. ಸಾಕಾಯ್ತು ಅಂದಾಗ ಅವರು ನನ್ನ ಕೆಂಪು ಬಟನನ್ನ ಒಣಗಿದ ಕೋಲಲ್ಲಿ ಒತ್ತುತಾರೆ. ನಾನು ಒಂದೊಂದ್ಸಲ ಶಾಕ್ ಹೊಡೀತೀನಿ, ಅದಕ್ಕೆ ಕೋಲು. ಬೆಂಗ್ಳೂರಿಗೆ ‘ಮೋಟಾರ್ ನಿಂತಿದೆ’ ಅಂತ ಮೆಸೇಜು ಹೋಗ್ತದೆ. ಅವನು ತಿರ್ಗಾ ಒಂದು ಒತ್ತುತಾನೆ. ಒಂದಿನ ತಾಯಿ ಮಗ ಹಿಂಗೇ ಆನು ಆಫು, ಆನು ಆಫು ಆಟ ಆಡಿ ಮೋಟ್ರು ವೈಂಡಿಂಗ್ ಸುಟ್ಟೋಯ್ತು. ತಪ್ಪು ಯಾರದ್ದು ಅಂತ ತೀರ್ಮಾನ ಆಯ್ತು ಗೊತ್ತಾ? ನಂದು.

ಪ್ರಶ್ನೆ: ಹೊರಗಿನವರ ಕರೆ ಬರುವುದೇ ಇಲ್ಲವೇ?

ಸ್ಟಾರ್ಟರ್: ಬರೋದೇನು, ಬಂದು ಕೊಲ್ತವೆ. ಬಿಟ್ಟುಹೋದ ನಂಬರನ್ನ 90 ದಿನ ಕಳೆದ ಮೇಲೆ ಇನ್ನೊಬ್ರಿಗೆ ಕೊಡಬಹುದು ಅಂತ ಐತಲ್ಲ. ನನ್ನ ಸಿಮ್ಮಿನ ನಂಬರು ಮೊದಲು ಯಾರೋ ಸಾಲಗಾರಂದಂತೆ. ನಂಗಿಂತ ಮುಂಚೆ ಇದೇ ಸಿಮ್ ಇಟ್ಕಂಡು ಇಲ್ಲಿದ್ದ ಡಬ್ಬಿ ಅಗ್ಗದ್ದು, ರಿಜಿಸ್ಟ್ರು ಗಿಜಿಸ್ಟ್ರು ಇಲ್ಲ, ಯಾರ ಮಿಸ್ ಕಾಲ್ ಬಿದ್ರೂ ಮೋಟ್ರು ಓಡ್ತಿತ್ತು. ಫೈನಾನ್ಸ್‌ನವರು ಕಂತು ಕೇಳಕ್ಕೆ ದಿನಕ್ಕೆ ನಾಲ್ಕು ಸಲ ಫೋನ್ ಮಾಡೋರು, ನಾಲ್ಕು ಸಲ ತೋಟಕ್ಕೆ ನೀರು. ಆ ವರ್ಷ ತೆಂಗು ಎಂಥಾ ಫಸಲು ಬಿಡ್ತು ಅಂತೀರಿ! ಸಾಲ ವಸೂಲಿಯಿಂದ ಒಬ್ಬ ರೈತ ಉದ್ಧಾರ ಆಗಿದ್ದು ಅದೊಂದೇ ಸಲ ಇರ್ಬೇಕು.

ಪ್ರಶ್ನೆ: ಕೊರೊನಾ ಕಾಲ ಹೇಗೆ ಕಳೆಯಿತು?

ಸ್ಟಾರ್ಟರ್: ಅದನ್ನ ಕೇಳ್ಬ್ಯಾಡಿ. 2020ರ ಮಾರ್ಚಿಂದ ಯಾರಿಗೆ ಫೋನ್ ಮಾಡಿದ್ರೂ ಮೊದಲು ಕೆಮ್ಮು, ಆಮೇಲೆ ಉಪದೇಶ. ಮೋಟ್ರಿಗೆ ಮಾಡಿದ್ರೂ ಅಷ್ಟೇ. ಇಲ್ಲಿ ಪೈಪು ಒಡೆದು ನೀರು ಆಕಾಶಕ್ಕೆ ಚಿಮ್ತಾ ಐತೆ, ನಿಲ್ಲಿಸಕ್ಕೆ ಅಂತ ಯಜಮಾನ್ರು ಫೋನ್ ಮಾಡ್ತಾವ್ರೆ, ಅವರ ಕಿವೀಲಿ ‘ಕೈ ತೊಳೆದುಕೊಳ್ಳಿ’ ಅಂತ ಬತ್ತಾ ಐತೆ. ತೊಳೆಯೋ ನೀರೆಲ್ಲ ಪಕ್ಕದ ರಾಗಿ ಹೊಲಕ್ಕೆ ಹೋಯ್ತು.

ಪ್ರಶ್ನೆ: ಕಳ್ಳತನ ತಡೆಯುವಲ್ಲಿ ಮೊಬೈಲ್ ತಂತ್ರಜ್ಞಾನದ ಪಾತ್ರ?

ಸ್ಟಾರ್ಟರ್: ಕೇಬಲ್ ಕಳ್ಳರ ಕಾಟ ಈ ಕಡೆ ಜಾಸ್ತಿ, ತಾಮ್ರಕ್ಕೆ ಬೆಲೆ ಐತಲ್ಲ. ಒಂದಿನ ರಾತ್ರಿ ಬಂದೋನು ಬುದ್ಧಿವಂತ, ಮೊದಲು ಫ್ಯೂಸ್ ಕಿತ್ತ. ನಾನು ನನ್ನ ಧರ್ಮಕ್ಕೆ ತಕ್ಕಂಗೆ ಕೂಡಲೇ ಯಜಮಾನ್ರಿಗೆ ತಿಳಿಸ್ದೆ: ‘ಕರೆಂಟ್ ಇಲ್ಲ’. ಅವರು ಓದಿ, ‘ಇದೇನ್ ಹೊಸದಾ’ ಅಂದು ಮಗ್ಗಲು ಬದಲಾಯಿಸಿದ್ರು. ಅವನು ಬೆಳಗಿನವರೆಗೂ ನಿಧಾನವಾಗಿ ಸುತ್ಕಂಡು ಹೋದ.

ಪ್ರಶ್ನೆ: ಜಿಲ್ಲೆಯಲ್ಲಿ ನಿಮ್ಮಂಥ ಬೇರೆ ಕಲ್ಪನೆಗಳೂ ಇವೆಯೇ?

ಸ್ಟಾರ್ಟರ್: ಸಿಮ್ ಹಾಕ್ಕಂಡ ನೆಂಟರು ಎಲ್ಲಾ ಕಡೆ ಅವ್ರೆ. ಆಲೂರು, ಸಕಲೇಶಪುರದ ಕಡೆ ಕಾಡಾನೆ ಕೊರಳಿಗೇ ಕಾಲರ್ ಕಟ್ಟಿ, ಎಲ್ಲಿ ಐತೆ ಅಂತ ಜನರ ಫೋನಿಗೆ ಸುದ್ದಿ ಕಳಿಸ್ತಾರೆ. ಅಲ್ಲಿ ಆನೆಗಳಿಗೂ ಹೆಸರು: ಭೀಮ, ಭುವನೇಶ್ವರಿ. ನೋಡಿ, ಆನೆಗೆ ದೇವರ ಹೆಸರು, ನಂಗೆ ‘ಬೋರು 2’. ಅರಕಲಗೂಡಿನ ರಾಮನಾಥಪುರದ ಕಡೆ ಹೊಗೆಸೊಪ್ಪು. ಒಣಗಿಸೋ ಬ್ಯಾರನ್ನಿಗೆ ಸೊಪ್ಪು ಏರಿಸಿದ್ರೆ ವಾರ ಹತ್ತಿರ ಹಗಲೂ ರಾತ್ರಿ ಕಾವು ನೋಡ್ತಿರಬೇಕು, ಒಂದು ಜಾವ ಕಣ್ಣು ಮುಚ್ಚಿದ್ರೆ ಗ್ರೇಡೇ ಹೋಯ್ತು. ಪರದೆ ಒಡೆದ ಹಳೇ ಫೋನೊಂದನ್ನ ಬ್ಯಾರನ್ನಿನ ಗಾಜಿನ ಕಿಟಕಿ ಎದುರು ನಿಲ್ಲಿಸಿ, ವಿಡಿಯೋ ಕಾಲಲ್ಲಿ ಥರ್ಮಾಮೀಟರ್ ಮುಖ ನೋಡ್ಕಂಡು ಮಲಗಿದ್ರೆ ಹೆಂಗೆ? ಹೆಂಡ್ತಿ ತವರಿಗೆ ಹೋದಾಗ ಇಷ್ಟು ಹೊತ್ತು ವಿಡಿಯೋ ಕಾಲ್ ಮಾಡದೋರು ಥರ್ಮಾಮೀಟರಿಗೆ ಮಾಡ್ತಾರೆ ಅನ್ನೋ ಆಕ್ಷೇಪ ಬರಬಹುದು. ಇನ್ನು ಹೊಳೆನರಸೀಪುರದ ನಾಲೆ ಬಯಲು. ಗೊರೂರಿನ ಹೇಮಾವತಿ ಅಣೆಕಟ್ಟೆಯಿಂದ ನೀರು ಬಿಡೋದು ಒಂದು ಒತ್ತಿದ್ರೆ ಆಗೋದಲ್ಲ, ಸಭೆ ಕೂರಬೇಕು. ಮಂತ್ರಿಗಳು, ಶಾಸಕರು, ಇಂಜಿನಿಯರು. ಅಲ್ಲಿ ಯಾವ ಗುಂಡಿಗೂ ನನ್ನ ಆ ಎರಡು ಸ್ವರ ಕೇಳಿಸಲ್ಲ.

ಪ್ರಶ್ನೆ: ಕರೆಂಟಿನ ವಿಷಯಕ್ಕೆ ಬರೋಣ.

ಸ್ಟಾರ್ಟರ್: ಬನ್ನಿ, ಅದು ಬಂದಾಗ ಬನ್ನಿ. ದಿನಕ್ಕೆ 7 ಗಂಟೆ ತ್ರೀ ಫೇಸ್ ಅಂತ ಲೆಕ್ಕ. ಒಂದಿಷ್ಟು ಹಗಲು, ಒಂದಿಷ್ಟು ರಾತ್ರಿ. ರಾತ್ರಿ ಹಾವು ಚಿರತೆ ದಾಟ್ಕಂಡು ತೋಟಕ್ಕೆ ಬರೋದು ತಪ್ಪಲಿ ಅಂತಲೇ ನಾನು ಹುಟ್ಟಿದ್ದು. ಆ ಪುಣ್ಯ ನಂಗೆ ಐತೆ, ಇಲ್ಲ ಅನ್ನಲ್ಲ. ನನ್ನನ್ನ ನಂಬಿ ಬೆಚ್ಚಗೆ ಮಲಗೋರು ಎಷ್ಟೋ ಜನ. ಆದ್ರೆ ಫೋನ್ ಮಾಡೋದೂ ಕಷ್ಟ ಅನ್ನಿಸ್ತು ನೋಡಿ, ಎಲ್ಲರೂ ನನ್ನನ್ನ ‘ಆಟೋ’ಗೆ ಹಾಕಿಬುಟ್ರು. ಕರೆಂಟು ಬಂದ ಕೂಡ್ಲೇ ಓಡು, ಹೋದ ಕೂಡ್ಲೇ ನಿಲ್ಲು. ಹತ್ತು ಎಚ್‌ಪಿ ತನಕ ಬಿಲ್ಲೂ ಇಲ್ಲ. ಮಳೆ ಸುರೀತಿದ್ರೂ ಓಡ್ತೀನಿ. ಕೊಡೆ ಹಿಡ್ಕಂಡು ನೀರು ಹಾಯಿಸ್ಕಳೋ ಭಾಗ್ಯ ನಮ್ಮ ತಾಲೂಕಿನ ತೆಂಗಿನ ಮರಗಳದ್ದು.

ಪ್ರಶ್ನೆ: ಆಟೋ ಇದ್ದರೆ ತೊಂದರೆ ಏನು? ಎಲ್ಲ ಸುಸೂತ್ರವಲ್ಲವೇ?

ಸ್ಟಾರ್ಟರ್: ನಾನೊಬ್ನೇ ಇದ್ದಿದ್ರೆ ಸುಸೂತ್ರವೇ. ಅಲ್ಲಿ ನೋಡಿ, ಬೇಲಿ ಆಚೆ ಟಿಸಿ, ಅಂದ್ರೆ ಟ್ರಾನ್ಸ್‌ಫಾರ್ಮರ್, 25 ಕೆವಿಎ. ಅದರ ಮೇಲೆ ಲೆಕ್ಕದಲ್ಲಿ ಮೂರು ಮೋಟ್ರು, ಲೆಕ್ಕದಾಚೆ ಇನ್ನೂ ನಾಲ್ಕು. ಮೋಟ್ರು ಓಡುವಾಗ ಎಳೆಯೋ ಕರೆಂಟಿನ ಐದಾರು ಪಟ್ಟು ಶುರುವಾಗೋ ಕ್ಷಣದಲ್ಲಿ ಎಳೀತದೆ. ಏಳು ಮೋಟ್ರೂ ಆಟೋದಲ್ಲಿ. ರಾತ್ರಿ ಕರೆಂಟು ಬಂತು ಅಂದ್ರೆ ಏಳೂ ಒಂದೇ ಸಲ ‘ಟಪ್’. ಟಿಸಿ ‘ಢಂ’. ಆಮೇಲೆ ಹೊಸ ಟಿಸಿಗೆ ಅಂತ ಏಳು ಜನವೂ ಒಂದೇ ಗಾಡೀಲಿ ಕೂತ್ಕಂಡು ಆಫೀಸಿಗೆ ಅಲೀತಾರೆ. ಅಷ್ಟು ಒಗ್ಗಟ್ಟು ಮೊದಲೇ ಇದ್ದಿದ್ರೆ!

ಪ್ರಶ್ನೆ: ಇದಕ್ಕೆ ನಿಮ್ಮಲ್ಲೇ ಪರಿಹಾರ ಇಲ್ಲವೇ?

ಸ್ಟಾರ್ಟರ್: ಐತೆ. ನನ್ನೊಳಗೆ ‘ಡಿಲೇ’ ಅಂತ ಒಂದು ಸೆಟ್ಟಿಂಗು. ಕರೆಂಟು ಬಂದ ಎಷ್ಟು ಹೊತ್ತಿಗೆ ಶುರುವಾಗ್ಬೇಕು ಅಂತ ಹೇಳಿಡಬಹುದು. ಒಬ್ರು ಒಂದು ನಿಮಿಷ, ಇನ್ನೊಬ್ರು ಎರಡು, ಮತ್ತೊಬ್ರು ಮೂರು ಅಂತ ಮಡಗಿದ್ರೆ ಟಿಸಿ ಮೇಲಿನ ಆ ಪೆಟ್ಟು ತಪ್ತದೆ. ಈ ಮಾತು ಕಟ್ಟೆ ಮೇಲೆ ಬಂದಿತ್ತು. ಎಲ್ಲರೂ ಒಪ್ಪಿದ್ರು. ಮೊದಲನೇ ನಿಮಿಷ ಯಾರದ್ದು ಅನ್ನೋದ್ರಲ್ಲಿ ಮಾತು ಬೆಳೀತು. ಹಿರಿಯರು ನಾವು ಅಂದ್ರು ಒಬ್ರು, ಟಿಸಿ ಕಂಬ ನಮ್ಮ ಜಮೀನಲ್ಲಿ ಅಂದ್ರು ಇನ್ನೊಬ್ರು. ಕೊನೆಗೆ ಏಳೂ ಜನ ಸೊನ್ನೆ ಮಡಗವ್ರೆ. ಪರದೆ ಮೇಲಿನ ಚಿತ್ರ ದಿನಕ್ಕೊಂದು ಬದಲಾಯಿಸ್ತಾರೆ ಸ್ವಾಮಿ, ನನ್ನ ಆ ಸೊನ್ನೇನ ಇವತ್ತಿನವರೆಗೂ ಒಬ್ರೂ ಮುಟ್ಟಿಲ್ಲ.

ಪ್ರಶ್ನೆ: ನಿಮಗೇ ಸ್ವಾತಂತ್ರ್ಯ ಕೊಟ್ಟರೆ ನಿಮ್ಮನ್ನು ಹೇಗೆ ಬದಲಾಯಿಸಿಕೊಳ್ಳುತ್ತೀರಿ?

ಸ್ಟಾರ್ಟರ್: ಮೊದಲು ಈ ಹೆಣ್ಮಗಳ ದನಿ. ‘ನಿಮ್ಮ ಮೋಟಾರ್ ಚಾಲನೆಯಲ್ಲಿದೆ’ ಅಂತ ಬಲು ಮರ್ಯಾದೆಯಿಂದ ಹೇಳ್ತಾಳೆ, ಯಾರೂ ಕಿವಿಗೆ ಹಾಕ್ಕಳಲ್ಲ. ಅಮ್ಮಾವ್ರ ದನೀಲೇ ರೆಕಾರ್ಡ್ ಮಾಡಿ ಹಾಕಿ: ‘ನಿನ್ನೆ ತಾನೆ ಬಿಟ್ಟಿದೀವಲ್ಲ, ಮತ್ಯಾಕೆ ಹಾಕ್ತೀಯ? ಭೂಮ್ತಾಯಿ ಹೊಟ್ಟೇಲಿ ಇನ್ನೆಷ್ಟೈತೆ ಅಂದ್ಕಂಡಿದೀಯ?’ ಅಂತ. ಆಗ ಯಾರು ಒಂದು ಒತ್ತುತಾರೆ ನೋಡೇಬಿಡ್ತೀನಿ. ಎರಡನೇದು, ಪಂಚಾಯ್ತಿ ಕಡೆ ಒಂದು ಮಳೆ ಮಾಪಕ ಐತೆ, ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದವರು ನಿಲ್ಲಿಸಿರೋದು. ಅದಕ್ಕೂ ನನ್ನಂಗೇ ಸಿಮ್. 15 ನಿಮಿಷಕ್ಕೊಂದ್ಸಲ ಎಷ್ಟು ಮಳೆ ಬಿತ್ತು ಅಂತ ಬೆಂಗ್ಳೂರಿಗೆ ಹೇಳ್ತದೆ. ಇಲ್ಲೇ ಕೂಗಳತೇಲಿರೋ ನಂಗೆ ಹೇಳಲ್ಲ. ಅದೊಂದು ಮಾತು ನನ್ನ ಕಿವಿಗೆ ಬಿದ್ರೆ ಸಾಕು, ಮಳೆ ಬಂದ ದಿನ ‘ಇವತ್ತು ಆಗಲ್ಲ ಹೋಗಿ’ ಅಂದ್ಬುಡ್ತೀನಿ. ಮೂರನೇದು ಹೇಳಲ್ಲ, ಯಜಮಾನ್ರಿಗೆ ಇಷ್ಟ ಆಗಲ್ಲ.

ಪ್ರಶ್ನೆ: ಪರವಾಗಿಲ್ಲ, ಹೇಳಿ.

ಸ್ಟಾರ್ಟರ್: ಹಿಂದೆ ಕೆರೆ ನೀರು ಹಂಚಕ್ಕೆ ನೀರುಗಂಟಿ ಅಂತ ಒಬ್ಬ ಇದ್ನಲ್ಲ. ತೂಬು ಎತ್ತೋದು ಅವ್ನೇ, ಇಳಿಸೋದು ಅವ್ನೇ, ಯಾರ ಗದ್ದೆಗೆ ಎಷ್ಟೊತ್ತು ಅನ್ನೋದು ಅವನ ಲೆಕ್ಕ. ಗೌಡ ಬಂದು ಕೇಳಿದ್ರೂ ‘ನಿಮ್ಮ ಸರದಿ ನಾಳೆ’ ಅನ್ನೋ ಗತ್ತು ಅವನಿಗೆ ಇತ್ತಂತೆ. ಅವನು ಊರಿಗೆಲ್ಲ ಒಬ್ಬ. ನಾವು ಒಬ್ಬೊಬ್ರಿಗೆ ಒಬ್ಬೊಬ್ರು. ಏಳು ಡಬ್ಬಿಗೂ ಏಳು ಸಿಮ್ ಐತೆ, ಟವರ್ ಒಂದೇ, ಟಿಸಿ ಒಂದೇ, ತಳದ ನೀರೂ ಒಂದೇ. ರಾತ್ರಿ ನಾವು ನಾವೇ ಫೋನ್ ಮಾಡ್ಕಂಡು ಪಾಳಿ ಗೊತ್ತು ಮಾಡ್ಕಬಹುದು. ತಂತ್ರಜ್ಞಾನ ಅಡ್ಡಿ ಇಲ್ಲ. ಆದ್ರೆ ಪಕ್ಕದ ತೋಟದ ಸ್ಟಾರ್ಟರ್ ನಂಬರನ್ನ ನನ್ನ ಪಟ್ಟೀಲಿ ಸೇರಿಸೋದು ಅಂದ್ರೆ ಏನಂತ ತಿಳ್ಕಂಡ್ರಿ? ಅಳಿಯನ ನಂಬರೇ ಉಳೀಲಿಲ್ಲ.

ಪ್ರಶ್ನೆ: ದೇಶಕ್ಕೆಲ್ಲ 5ಜಿ ಬಂದಿದೆ. ನೀವು ಯಾವ ಜಿ?

ಸ್ಟಾರ್ಟರ್: 2ಜಿ. ಅದನ್ನ ಯಾವಾಗ ನಿಲ್ಲಿಸ್ತಾರೋ ಅಂತ ಜೀವ ಕೈಯಲ್ಲಿ ಹಿಡ್ಕಂಡಿದೀನಿ. ನಂಗೆ ಬೇಕಾಗಿರೋದು ಎರಡು ಸ್ವರ, ಒಂದು ಮೆಸೇಜು. ರೀಚಾರ್ಜ್ ಮಾಡಕ್ಕೆ ಹೋದ್ರೆ ದಿನಕ್ಕೆ ಇಷ್ಟು ಜಿಬಿ ಡೇಟಾ ಅಂತಾರೆ. ಈ ಕತ್ತಲೆ ಕೋಣೇಲಿ ನಾನೇನ್ ರೀಲ್ಸ್ ನೋಡ್ತೀನಾ? ಬರೀ ಮಾತು, ಮೆಸೇಜಿಗೇ ಬೇರೆ ಪ್ಯಾಕ್ ಕೊಡಿ ಅಂತ ಫೋನ್ ಕಂಪನಿಗಳ ನಿಯಂತ್ರಕ ಟ್ರಾಯ್ 2024ರ ಡಿಸೆಂಬರಲ್ಲಿ ಹೇಳ್ತಂತೆ. ಅಂಗಡಿಯವನು ಮಾತ್ರ ಈಗಲೂ ಡೇಟಾದ್ದನ್ನೇ ಮೊದಲು ತೋರಿಸ್ತಾನೆ. ಅಂದಂಗೆ, ಸಂದರ್ಶನ ಅಂದ್ರೆ ಗೌರವಧನ ಏನಾದ್ರೂ ಐತಾ?

ಪ್ರಶ್ನೆ: ಪತ್ರಿಕೆಯಿಂದ ಅಷ್ಟೇನೂ ಇರುವುದಿಲ್ಲ. ಏನು ಬೇಕಿತ್ತು?

ಸ್ಟಾರ್ಟರ್: ಏನಿಲ್ಲ, 28 ದಿನದ್ದೊಂದು ರೀಚಾರ್ಜು. ವ್ಯಾಲಿಡಿಟಿ ಇವತ್ತು ರಾತ್ರಿಗೆ ಮುಗೀತದೆ.

ಪ್ರಶ್ನೆ: ಅದಕ್ಕೇನು, ಈಗಲೇ ಮಾಡಿಸೋಣ. ನಂಬರ್ ಹೇಳಿ.

ಸ್ಟಾರ್ಟರ್: ನಂಬರ್ ನಂಗ್ಯಾರು ಹೇಳವ್ರೆ? ಯಜಮಾನ್ರ ಫೋನಲ್ಲಿ ‘ಬೋರು 2’ ಅಂತ ಐತೆ, ಅವರನ್ನೇ ಕೇಳಿ. ಈಗ ಚನ್ನರಾಯಪಟ್ಟಣದಲ್ಲಿ ಮೊಬೈಲ್ ಅಂಗಡಿ ಮುಂದೆ ಕೂತಿರ್ತಾರೆ, ಹೊಸ ಕವರ್ ಹಾಕಿಸ್ಕಬೇಕು ಅಂತಿದ್ರು.